ಹಳೇ ಲ್ಯೂರ್ ಕ್ಲೀನಿಂಗ್ ಕಿಟ್: ಮೇಣದ ಡಬ್ಬಿಗೆ ಫುಲ್ ಮಾರ್ಕ್ಸ್, ಬಿಳಿ ಸ್ಪಂಜಿಗೆ ಸೊನ್ನೆ

ಅಪ್ಪನ ಟ್ಯಾಕಲ್ ಬಾಕ್ಸ್ (ಮೀನು ಹಿಡಿಯೋ ಸಾಮಾನಿನ ಪೆಟ್ಟಿಗೆ) ನನ್ನ ಕೈಗೆ ಬಂದಾಗ ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಹಳೇ ಲ್ಯೂರ್, ಅಂದ್ರೆ ಮೀನನ್ನ ಸೆಳೆಯೋಕೆ ಗಾಳ ಸಿಕ್ಕಿಸಿ ಮಾಡಿದ ನಕಲಿ ಎರೆಗಳು, ಇದ್ವು, ಕೆಲವು ಮರದ್ದು, ಕೆಲವು ಹಳೇ ಪ್ಲಾಸ್ಟಿಕ್, ನಾಲ್ಕೈದು ಚಮಚದಾಕಾರದ ಹಿತ್ತಾಳೆ ಲ್ಯೂರ್ (ಸ್ಪೂನ್), ಎಲ್ಲದರ ಮೇಲೂ ಎಣ್ಣೆ ಜಿಡ್ಡು ಧೂಳು ಸೇರಿ ಕಂದು ಬಣ್ಣದ ಒಂದು ಪದರ. ಅವನ್ನ ಕ್ಲೀನ್ ಮಾಡ್ಬೇಕು ಆದ್ರೆ ಹಾಳು ಮಾಡ್ಬಾರ್ದು ಅಂತ ಹುಡುಕ್ತಾ ಇದ್ದಾಗ ಆನ್‌ಲೈನಲ್ಲಿ ಈ ಕಿಟ್ ಸಿಕ್ತು, "ಹಳೇ ಲ್ಯೂರ್‌ಗಳಿಗೇ ಅಂತ ಮಾಡಿದ್ದು, ಪೇಂಟಿಗೆ ಸೇಫ್" ಅಂತ ಡಬ್ಬಿ ಮೇಲೇ ಬರ್ದಿದೆ. ಮೂರು ತಿಂಗಳು ಬಳಸಿ, ಹದಿನೆಂಟು ಲ್ಯೂರ್ ಮುಗ್ಸಿ ಈಗ ಬರೀತಿದೀನಿ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಇದೇ ಸಾಮಾನು ಬೇರೆ ಬೇರೆ ಹೆಸರಲ್ಲಿ ಬರೋ ಕಿಟ್‌ಗಳಲ್ಲೆಲ್ಲ ಇರುತ್ತೆ, ಯಾವ ಐಟಂ ಎತ್ಕೋಬೇಕು ಯಾವುದನ್ನ ಮುಟ್ಟಬಾರದು ಅನ್ನೋದೇ ಮುಖ್ಯ.

ಒಳಗೆ ಏನೇನಿದೆ ಅಂದ್ರೆ: ಒಂದು ಸ್ಪ್ರೇ ಕ್ಲೀನರ್, ಹತ್ತಿ ಕಡ್ಡಿಗಳು, ಒಂದು ಮೆತ್ತನೆ ಬ್ರಷ್, ಎರಡು ಬಿಳಿ ಸ್ಪಂಜು, ಮೆಟಲ್ ಪಾಲಿಶ್ ಟ್ಯೂಬು, ತುಕ್ಕು ತೆಗೆಯೋ ದ್ರಾವಣದ ಬಾಟಲಿ, ಒಂದು ಚಿಕ್ಕ ಮೇಣದ ಡಬ್ಬಿ, ಗ್ಲೌಸು, ಮತ್ತೆ ಒಂದೇ ಹಾಳೆಯ ಸೂಚನೆ. ಆ ಹಾಳೆ ತೀರಾ ಸಾಲದು. ಮರದ ಲ್ಯೂರ್‌ಗೂ ಪ್ಲಾಸ್ಟಿಕ್ ಲ್ಯೂರ್‌ಗೂ ಒಂದೇ ವಿಧಾನ ಹೇಳಿದಾರೆ, ನನ್ನ ಮೊದಲ ತಕರಾರೇ ಅದು.

ಮೊದಲು ಕೆಟ್ಟದ್ದನ್ನ ಹೇಳ್ಬಿಡ್ತೀನಿ, ಬಿಳಿ ಸ್ಪಂಜು. ಹಾಳೆಯಲ್ಲಿ "ನೀರಲ್ಲಿ ಅದ್ದಿ ನಿಧಾನಕ್ಕೆ ಉಜ್ಜಿ" ಅಂತ ಇತ್ತು, ಹಂಗೇ ಮಾಡ್ದೆ. ಒಂದು ಮರದ ಲ್ಯೂರ್, ಬೆನ್ನು ಹಸಿರು, ಹೊಟ್ಟೆ ಬಿಳಿ, ಕಿವಿರಿನ ಹತ್ರ ಕೆಂಪು ಗೆರೆ, ಹೊಟ್ಟೆ ಮೇಲೆ ಸ್ಟೆನ್ಸಿಲಲ್ಲಿ ಹಾಕಿದ ಕಂಪನಿ ಹೆಸರು ಮಸುಕಾಗಿ ಇತ್ತು. ಕೊಳೆ ಚೆನ್ನಾಗಿ ಬರ್ತಿದೆ ಅಂತ ಖುಷಿಯಲ್ಲಿ ಹತ್ತು ಹನ್ನೆರಡು ಸಲ ಉಜ್ಜಿ ನೋಡ್ದಾಗ ಹೆಸರಿನ ಅರ್ಧ ಅಕ್ಷರಗಳು ಇಲ್ಲ, ಸ್ಪಂಜಿನ ಮೇಲೆ ತಿಳಿ ಕೆಂಪು ಬಣ್ಣ. ಆ ಬಣ್ಣ ಕೊಳೆ ಅಲ್ಲ, ಕಿವಿರಿನ ಗೆರೆ. ಅವತ್ತು ರಾತ್ರಿ ಊಟ ಸೇರ್ಲಿಲ್ಲ ನನಗೆ. ಅಪ್ಪ ಎಷ್ಟೋ ವರ್ಷ ಎಸೆದು ಎಳೆದು, ಕಲ್ಲಿಗೆ ಬಡಿದರೂ ಉಳ್ಕೊಂಡಿದ್ದ ಹೆಸರು ಎರಡು ನಿಮಿಷದಲ್ಲಿ ಹೋಯ್ತು.

ಆಮೇಲೆ ಗೊತ್ತಾಯ್ತು ಅದು ಮೆಲಮೈನ್ ಫೋಮ್. ಗೋಡೆ ಮೇಲಿನ ಪೆನ್ಸಿಲ್ ಗೆರೆ ಅಳಿಸೋಕೆ ಬರುತ್ತಲ್ಲ ಅದೇ. ಕೈಗೆ ಮೆತ್ತಗಿರುತ್ತೆ, ಆದ್ರೆ ಅದು ಕೆಲಸ ಮಾಡೋದು ತೀರಾ ನುಣುಪಾದ ಉಪ್ಪುಕಾಗದದ ಥರ, ಅಂದ್ರೆ ಕೊಳೆಯನ್ನ ಕರಗಿಸಲ್ಲ, ಮೇಲಿನ ಪದರವನ್ನೇ ಕೆರೀತದೆ. ಹಳೇ ಮರದ ಲ್ಯೂರ್ ಮೇಲೆ ಇರೋದು ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಒಂದು ಪಾರದರ್ಶಕ ಕೋಟ್, ಈ ಕೊನೇ ಕೋಟ್ ಮೇಲೇ ಎಷ್ಟೋ ಲ್ಯೂರ್‌ಗಳ ಹೆಸರು ಇರುತ್ತೆ. ಅದನ್ನ ಕೆರೆದ್ರೆ ಹೊಳಪೂ ಹೋಯ್ತು, ಹೆಸರೂ ಹೋಯ್ತು. ಟೂತ್‌ಪೇಸ್ಟ್, ಅಡುಗೆ ಸೋಡಾ ಹಚ್ಚಿ ಉಜ್ಜಿ ಅಂತ ಹೇಳೋರೂ ಇದಾರೆ, ಅವೂ ಕೆರೆಯೋವೇ. ಕಿಟ್ ಮಾಡೋರು ಇದನ್ನ "ಪೇಂಟಿಗೆ ಸೇಫ್" ಅಂತ ಯಾವ ಧೈರ್ಯದಲ್ಲಿ ಬರೆದ್ರೋ! ನೀವು ಈ ಕಿಟ್ ತಗೊಂಡ್ರೆ ಆ ಸ್ಪಂಜನ್ನ ಬಾತ್‌ರೂಮ್ ಟೈಲ್ಸಿಗೆ ಇಟ್ಕೊಳಿ.

ಈಗ ಸ್ಪ್ರೇ. ಇದನ್ನ ನಾನು ಪೂರ್ತಿ ಬೈಯಲ್ಲ, ವಾಸನೆ ಕಮ್ಮಿ, ಜಿಡ್ಡು ಬೇಗ ಬಿಡುತ್ತೆ. ತೊಂದರೆ ಇರೋದು ಸ್ಪ್ರೇ ಅನ್ನೋದರಲ್ಲೇ. ಹಳೇ ಮರದ ಲ್ಯೂರ್‌ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಬಣ್ಣದ ಮೇಲೆಲ್ಲ ಕೂದಲೆಳೆ ಬಿರುಕು ಕಾಣುತ್ತೆ. ದ್ರವ ಆ ಬಿರುಕೊಳಗೆ ಇಳಿದು ಮರಕ್ಕೆ ಹೋಗುತ್ತೆ, ಮರ ಉಬ್ಬುತ್ತೆ, ಆಮೇಲೆ ಒಣಗಿ ಕುಗ್ಗುತ್ತೆ, ಬಣ್ಣ ಅದರ ಜೊತೆ ಹಿಗ್ಗೋಕೆ ಕುಗ್ಗೋಕೆ ಆಗ್ದೆ ಚಕ್ಕೆ ಚಕ್ಕೆ ಎದ್ದು ಬರುತ್ತೆ. ಕ್ಲೀನ್ ಮಾಡಿದ ದಿನ ಏನೂ ಕಾಣಲ್ಲ, ಒಂದು ವಾರ ಆದ್ಮೇಲೆ ಹೊಟ್ಟೆ ಹತ್ರ ಒಂದು ಚಕ್ಕೆ ಬಿದ್ದಿರುತ್ತೆ, ಯಾಕೆ ಅಂತಾನೇ ತಿಳಿಯಲ್ಲ. ಗಾಜಿನ ಕಣ್ಣು ಇರೋ ಲ್ಯೂರ್ ಆದ್ರೆ ಇನ್ನೂ ಜಾಗ್ರತೆ, ಕಣ್ಣಿನ ಸುತ್ತ ನೀರು ಹೋದ್ರೆ ಒಳಗಿನ ಹಿಡಿತ ಸಡಿಲ ಆಗಿ ಕಣ್ಣೇ ಉದುರುತ್ತೆ. ಅದಕ್ಕೇ ಮರದ ಲ್ಯೂರ್‌ನ ನೀರಲ್ಲಿ ನೆನೆಹಾಕೋದು, ಶಬ್ದದ ಅಲೆಯಿಂದ ತೊಳೆಯೋ ಅಲ್ಟ್ರಾಸಾನಿಕ್ ಕ್ಲೀನರ್‌ಗೆ ಹಾಕೋದು ಎರಡೂ ಬೇಡವೇ ಬೇಡ.

ನಾನು ಸ್ಪ್ರೇನ ನೇರವಾಗಿ ಹೊಡೆಯೋದು ಬಿಟ್ಟು ಹತ್ತಿ ಕಡ್ಡಿಗೆ ಸ್ವಲ್ಪ ಹಾಕಿ, ಟಿಶ್ಯೂ ಮೇಲೆ ಒತ್ತಿ ಹೆಚ್ಚಿನದ್ದನ್ನ ತೆಗೆದು, ಬರೀ ತೇವ ಇರೋ ಹಾಗೆ ಮಾಡ್ಕೊಂಡು ಬಳಸಿದೆ. ಇನ್ನೊಂದು ಮುಖ್ಯ ವಿಷಯ, ಕಡ್ಡಿನ ಉಜ್ಜಬಾರದು, ಉರುಳಿಸ್ಬೇಕು. ಚಪಾತಿ ಲಟ್ಟಣಿಗೆ ಹೇಗೆ ಹೊರಳುತ್ತೋ ಹಾಗೆ ಬೆರಳಲ್ಲಿ ತಿರುಗಿಸ್ತಾ ಒಂದೇ ದಿಕ್ಕಿಗೆ ಹೋದ್ರೆ ಕೊಳೆ ಹತ್ತಿಗೆ ಅಂಟ್ಕೊಂಡು ಮೇಲೆ ಬರುತ್ತೆ, ಮರಳಿನ ಕಣ ಇದ್ರೂ ಎಳೆದಾಡಿ ಗೀರು ಹಾಕಲ್ಲ. ಒಂದು ಕಡ್ಡಿ ಕೊಳೆ ಆದ ತಕ್ಷಣ ಬಿಸಾಕಿ ಹೊಸದು ತಗೊಳಿ. ಒಂದು ಲ್ಯೂರ್‌ಗೆ ನನಗೆ ಸರಾಸರಿ ಮೂವತ್ತು ಕಡ್ಡಿ ಹಿಡಿದಿದೆ, ಕಿಟ್‌ನಲ್ಲಿ ಬಂದಿದ್ದು ಎರಡು ಲ್ಯೂರ್‌ಗೇ ಖಾಲಿ. ಕಡ್ಡಿಯ ಗುಣಮಟ್ಟ ಮಾತ್ರ ಚೆನ್ನಾಗಿದೆ, ಹತ್ತಿ ಬಿಗಿಯಾಗಿ ಸುತ್ತಿದೆ, ಎಳೆ ಬಿಟ್ಟು ಗಾಳಕ್ಕೆ ಸಿಕ್ಕಾಕ್ಕೊಳ್ಳಲ್ಲ. ಬ್ರಷ್ಷೂ ಹಂಗೇ, ಒಣ ಧೂಳನ್ನ ಮೊದಲು ಇದರಲ್ಲಿ ಹೊಡೆದು ತೆಗೆದ್ರೆ ಅರ್ಧ ಕೆಲಸ ಮುಗೀತು.

ಸ್ಪ್ರೇ ಖಾಲಿ ಆದ್ಮೇಲೆ ನಾನು ಮತ್ತೆ ತಗೊಳ್ಳಲಿಲ್ಲ. ಒಂದು ಲೋಟ ಡಿಸ್ಟಿಲ್ಡ್ ವಾಟರ್‌ಗೆ ಎರಡು ಹನಿ ಸಾದಾ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ್ರೆ ಅದೇ ಕೆಲಸ ಆಗುತ್ತೆ, ಆಮೇಲೆ ಬರೀ ನೀರಿನ ತೇವದ ಕಡ್ಡಿಯಲ್ಲಿ ಸೋಪು ತೆಗೆದು ತಕ್ಷಣ ಒಣ ಬಟ್ಟೆ. ಅದಕ್ಕಿಂತ ಸುಲಭದ್ದು ಇನ್ನೊಂದಿದೆ, ಕೇಳಿದ್ರೆ ಮುಖ ಸಿಂಡರಿಸ್ತೀರಿ, ಎಂಜಲು. ಮ್ಯೂಸಿಯಂಗಳಲ್ಲಿ ಹಳೇ ಚಿತ್ರ, ಬಣ್ಣದ ವಿಗ್ರಹಗಳನ್ನ ಒರೆಸೋಕೆ ಕಡ್ಡಿ ತುದಿಗೆ ಎಂಜಲು ಹಚ್ಚಿ ಬಳಸೋ ಪದ್ಧತಿ ನಿಜವಾಗ್ಲೂ ಇದೆ, ಎಂಜಲಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಕೊಳೆ ಬಿಡಿಸುತ್ತೆ. ಇದನ್ನ ಅಳೆದು ನೋಡಿದ ಪೋರ್ಚುಗಲ್ ಸಂಶೋಧಕರಿಗೆ 2018ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ) ಕೊಟ್ರು. ನಾನು ಎರಡು ಲ್ಯೂರ್‌ಗಳ ಕಣ್ಣಿನ ಸುತ್ತ ಇದನ್ನೇ ಮಾಡ್ದೆ, ಸ್ಪ್ರೇಗಿಂತ ಚೆನ್ನಾಗಿ ಬಂತು. ಆದ್ರೆ ಕಡ್ಡಿನ ಒಂದ್ಸಲ ಲ್ಯೂರ್‌ಗೆ ಮುಟ್ಟಿಸಿದ ಮೇಲೆ ಮತ್ತೆ ಬಾಯಿಗೆ ಇಡಬೇಡಿ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದೇ ಕಾರಣಕ್ಕೆ ಉಪ್ಪುಕಾಗದ ಹಾಕಿ ಉಜ್ಜಿ ಪುಡಿ ಎಬ್ಬಿಸೋದೂ ಬೇಡ.

ಯಾವ ದ್ರವ ಆದ್ರೂ ಸರಿ, ಮೊದಲು ಹೊಟ್ಟೆ ಕೆಳಗೆ ಗಾಳ ಕೂರೋ ಚಿಕ್ಕ ಲೋಹದ ಕಪ್ ಹತ್ರ ಕಾಣದ ಜಾಗದಲ್ಲಿ ಒಂದು ಚುಕ್ಕೆ ಟೆಸ್ಟ್ ಮಾಡಿ, ಹತ್ತಿಗೆ ಬಣ್ಣ ಬಂದ್ರೆ ಅಲ್ಲಿಗೇ ನಿಲ್ಸಿ. ಆಸಿಟೋನು, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಈ ಮೂರೂ ಹತ್ತಿರಕ್ಕೂ ತರಬೇಡಿ, ಹಳೇ ಲ್ಯಾಕರ್ ಬಣ್ಣ ಅದರಲ್ಲಿ ಬೆಣ್ಣೆ ಥರ ಕರಗುತ್ತೆ, ಹಳೇ ಪ್ಲಾಸ್ಟಿಕ್ಕೂ ಮೆತ್ತಗಾಗುತ್ತೆ. ಸ್ಪಿರಿಟ್ಟೂ (ಆಲ್ಕೋಹಾಲ್) ಅಷ್ಟೇ, ಅರಗಿನ ವಾರ್ನಿಷ್ ಇದ್ರೆ ಅದನ್ನ ಎತ್ಬಿಡುತ್ತೆ.

ಮೆಟಲ್ ಪಾಲಿಶ್ ಬಗ್ಗೆ ನನ್ನ ಅಭಿಪ್ರಾಯ ಎರಡು ಥರ. ಬರೀ ಹಿತ್ತಾಳೆ ಸ್ಪೂನ್, ಮೀನು ಹಿಡಿಯೋಕೇ ಮತ್ತೆ ಬಳಸ್ತೀನಿ ಅನ್ನೋದಾದ್ರೆ ಒಳ್ಳೇದು, ಪಳಪಳ ಹೊಳೆಯುತ್ತೆ, ನೀರಲ್ಲಿ ಹೊಳಪೇ ತಾನೆ ಮೀನನ್ನ ಕರೆಯೋದು. ಇಟ್ಕೊಳ್ಳೋಕೆ ಅಂತಾದ್ರೆ ಬೇಡ. ಹಿತ್ತಾಳೆ ಮೇಲೆ ನಿಧಾನಕ್ಕೆ ಕೂತ ಕಂದು ಬಣ್ಣ ಲೋಹವನ್ನ ಕಾಪಾಡ್ತಾ ಇರುತ್ತೆ, ಅದು ಕೊಳೆ ಅಲ್ಲ. ಹಸಿರು ಕಿಲುಬು ಮಾತ್ರ ಬೇರೆ ವಿಷಯ, ಅದನ್ನ ಬಿದಿರಿನ ಹಲ್ಲುಕಡ್ಡಿ ತುದಿಯಲ್ಲಿ ಒಣದಾಗೇ ಕೆರೆದು ತೆಗೀಬಹುದು, ಲೋಹದ ಸೂಜಿ ಬೇಡ. ಮುಂದೆ ಹಿಂದೆ ಪ್ರೊಪೆಲರ್ ಇರೋ ಲ್ಯೂರ್‌ಗಳಲ್ಲಿ ನಿಕಲ್ ಲೇಪ ತೀರಾ ತೆಳು, ಎರಡು ಸಲ ಪಾಲಿಶ್ ಹಾಕಿದ್ರೆ ಕೆಳಗಿನ ಹಿತ್ತಾಳೆ ಹಳದಿಯಾಗಿ ಇಣುಕುತ್ತೆ, ರೆಕ್ಕೆ ಮೇಲೆ ಒತ್ತಿದ ಅಕ್ಷರಗಳೂ ಸವೆಯುತ್ವೆ. ಹೆಡನ್, ಕ್ರೀಕ್ ಚಬ್, ಫ್ಲೂಗರ್, ಶೇಕ್ಸ್‌ಪಿಯರ್, ಸೌತ್ ಬೆಂಡ್ ಇಂಥ ಹಳೇ ಅಮೆರಿಕನ್ ಕಂಪನಿಗಳ ಲ್ಯೂರ್‌ನ ಗುರುತಿಸೋಕೆ ಪ್ರೊಪೆಲರ್ ಮೇಲೋ ಮುಂದಿನ ತಗಡಿನ ತುಟಿ ಮೇಲೋ ಇರೋ ಆ ಅಕ್ಷರಗಳೂ ಎಷ್ಟೋ ಸಲ ಮುಖ್ಯ ಆಧಾರ. ಇನ್ನೊಂದು, ಪಾಲಿಶ್ ಒಣಗಿದ ಬಿಳಿ ಪುಡಿ ಮರದ ಬಿರುಕಲ್ಲಿ ಕೂತ್ರೆ ತೆಗೆಯೋಕೇ ಆಗಲ್ಲ, ನನ್ನ ಒಂದು ಲ್ಯೂರ್‌ನ ಬಾಲದ ಹತ್ರ ಈಗ್ಲೂ ಇದೆ.

ತುಕ್ಕಿನ ದ್ರಾವಣ ಕೆಲಸ ಮಾಡುತ್ತೆ, ಅದರಲ್ಲಿ ಸಂಶಯ ಇಲ್ಲ, ಬಿಡಿ ಗಾಳಗಳನ್ನ ಹಾಕಿದ್ರೆ ಒಂದು ರಾತ್ರಿಯಲ್ಲಿ ಬೂದು ಬಣ್ಣದ ಶುದ್ಧ ಲೋಹ. ಆದ್ರೆ ಹಾಳೆಯಲ್ಲಿ "ಗಾಳ ಬಿಚ್ಚಿ ಅದ್ದಿ" ಅಂತ ಎಷ್ಟು ಸಲೀಸಾಗಿ ಬರೆದಿದಾರೆ! ಹಳೇ ಲ್ಯೂರ್‌ನ ಗಾಳ ಎಷ್ಟೋ ಸಲ ಮರಕ್ಕೆ ಸ್ಕ್ರೂ ಐ (ಬಳೆಯಂಥ ತಲೆ ಇರೋ ಸ್ಕ್ರೂ) ಇಂದ ಕೂತಿರುತ್ತೆ, ಅಷ್ಟು ವರ್ಷ ಆದ್ಮೇಲೆ ಅದನ್ನ ತಿರುಗಿಸಿದ್ರೆ ಮರದೊಳಗಿನ ಹಿಡಿತ ಹೋಗುತ್ತೆ, ತುಕ್ಕು ಹಿಡಿದಿದ್ರೆ ಅರ್ಧಕ್ಕೇ ಮುರಿಯುತ್ತೆ, ಕಪ್ ಸುತ್ತಲಿನ ಬಣ್ಣ ಬಿರಿಯುತ್ತೆ. ಸಂಗ್ರಹ ಮಾಡೋರು ಮೊದಲು ನೋಡೋದೂ ಅಲ್ಲೇ, ಸ್ಕ್ರೂ ತಲೆ ಮೇಲೆ ಹೊಸ ಗೀರು ಇದ್ಯಾ, ಗಾಳ ಬದಲಾಗಿದ್ಯಾ ಅಂತ. ಗಾಳ ಕೂಡಿಸಿರೋ ರೀತಿ ಕಾಲಕಾಲಕ್ಕೆ ಬದಲಾಗಿದೆ, ಹೆಡನ್ ಲ್ಯೂರ್‌ಗಳ ವಯಸ್ಸನ್ನ ಆ ಲೋಹದ ತುಂಡಿನ ಆಕಾರದಿಂದಲೇ ಅಂದಾಜು ಮಾಡ್ತಾರೆ. ಜೊತೆಗೆ ಹಳೇ ಗಾಳಗಳಿಗೆ ಕಪ್ಪು ಲೇಪವೋ ಕಂಚಿನ ಬಣ್ಣವೋ ಇರುತ್ತಿತ್ತು, ದ್ರಾವಣ ತುಕ್ಕಿನ ಜೊತೆ ಅದನ್ನೂ ತಿನ್ನಬಹುದು. ನಾನು ಗಾಳನ ಬಿಚ್ಚದೆ, ಲ್ಯೂರ್ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಉದುರೋ ತುಕ್ಕನ್ನ ಬ್ರಷ್ಷಲ್ಲಿ ತೆಗೆದು, ಗಾಳದ ಮೇಲೆ ಮಾತ್ರ ಹಲ್ಲುಕಡ್ಡಿ ತುದಿಯಿಂದ ಒಂದು ಹನಿ ಮಿಷಿನ್ ಎಣ್ಣೆ ಸವರಿ ಒರೆಸಿದೆ, ತುಕ್ಕು ಪೂರ್ತಿ ಹೋಗಿಲ್ಲ, ಮುಂದೆ ಬೆಳೆಯೋದು ನಿಂತಿದೆ. ನನಗೆ ಅಷ್ಟು ಸಾಕು.

ಲ್ಯೂರ್ ಮೈಗೆ ಸ್ಪ್ರೇ ಎಣ್ಣೆ ಹೊಡೆದು ಒರೆಸಿದ್ರೆ ಬಣ್ಣ ಎದ್ದು ಕಾಣುತ್ತೆ ಅಂತ ತುಂಬಾ ಜನ ಮಾಡ್ತಾರೆ. ಎರಡು ದಿನ ಚಂದ ಕಾಣುತ್ತೆ ನಿಜ. ಎಣ್ಣೆ ಬಿರುಕೊಳಗೆ ಹೋಗಿ ಮರದಲ್ಲೇ ಉಳಿಯುತ್ತೆ, ಮೇಲೆ ಧೂಳು ಕೂರುತ್ತೆ, ಅದನ್ನ ವಾಪಸ್ ತೆಗೆಯೋ ದಾರಿ ಇಲ್ಲ.

ಇನ್ನು ಆ ಮೇಣ. ಈ ಕಿಟ್‌ನಲ್ಲಿ ಇರೋ ಒಂದೇ ಒಂದು ಅಮೂಲ್ಯ ವಸ್ತು ಇದು. ಡಬ್ಬಿ ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಅಂತ ಇದೆ, ಪೆಟ್ರೋಲಿಯಂನಿಂದ ತೆಗೆಯೋ ಮೇಣ, ಹರಳುಗಳು ತುಂಬಾ ಸಣ್ಣ, ಅದಕ್ಕೇ ತೆಳ್ಳಗೆ ಹರಡಿ ಗಟ್ಟಿಯಾಗಿ ಕೂರುತ್ತೆ. ರೆನೈಸಾನ್ಸ್ ವ್ಯಾಕ್ಸ್ ಅಂತ ಪ್ರಸಿದ್ಧವಾದದ್ದು ಇದೇ ಜಾತಿ, ಅದು ಬ್ರಿಟಿಷ್ ಮ್ಯೂಸಿಯಂನ ಸಂಶೋಧನೆಯಿಂದ ಹುಟ್ಟಿದ್ದು, ಜಗತ್ತಿನ ಎಷ್ಟೋ ಮ್ಯೂಸಿಯಂಗಳಲ್ಲಿ ಇವತ್ತಿಗೂ ಲೋಹ, ಮರ, ಚರ್ಮದ ಮೇಲೆ ಹಚ್ತಾರೆ. ಜೇನುಮೇಣಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂದ್ರೆ, ಜೇನುಮೇಣದಲ್ಲಿ ಸ್ವಲ್ಪ ಆಮ್ಲ ಇದೆ, ಬಿಸಿಲಿಗೆ ಮೆತ್ತಗಾಗಿ ಬೆರಳ ಗುರುತು, ಧೂಳು ಎರಡನ್ನೂ ಹಿಡ್ಕೊಳ್ಳುತ್ತೆ. ಹೆಡನ್ ಕಂಪನಿ ಶುರು ಮಾಡಿದ ಜೇಮ್ಸ್ ಹೆಡನ್ ಜೇನು ಸಾಕಣೆಯಲ್ಲೇ ಮೊದಲು ಹೆಸರು ಮಾಡಿದವರು, ಆದ್ರೂ ಅವರ ಲ್ಯೂರ್ ಮೇಲೆ ಜೇನುಮೇಣ ಹಚ್ಚೋದು ಬೇಡ ಅಂತಾನೇ ಹೇಳ್ತೀನಿ.

ಹಚ್ಚೋದು ಹೇಗೆ ಅಂದ್ರೆ, ಲ್ಯೂರ್ ಪೂರ್ತಿ ಒಣಗಿರಬೇಕು, ನಾನು ಕ್ಲೀನ್ ಮಾಡಿ ಎರಡು ದಿನ ಬಿಡ್ತೀನಿ. ಮೆತ್ತನೆ ಹತ್ತಿ ಬಟ್ಟೆ ತುದಿಗೆ ಸಾಸಿವೆ ಕಾಳಿನಷ್ಟು ಮೇಣ, ಅಷ್ಟೇ, ಅದು ಇಡೀ ಲ್ಯೂರ್‌ಗೆ ಸಾಕು. ಬಣ್ಣ ಗಟ್ಟಿ ಇರೋ ಜಾಗದಲ್ಲಿ ಮಾತ್ರ ಸವರಿ, ಚಕ್ಕೆ ಎದ್ದ ಅಂಚುಗಳ ಹತ್ರ ಬಟ್ಟೆ ಸಿಕ್ಕಿ ಚಕ್ಕೆ ಕಿತ್ತು ಬರುತ್ತೆ, ಅಲ್ಲಿ ಕೈ ಹಾಕ್ಬೇಡಿ. ಒಂದೆರಡು ನಿಮಿಷ ಬಿಟ್ಟು ಬೇರೆ ಬಟ್ಟೆಯಲ್ಲಿ ಹಗುರಕ್ಕೆ ಒರೆಸಿದ್ರೆ... ಆ ಹಸಿರು ಒಳಗಿಂದ ಎದ್ದು ಬಂದಿದ್ದು ನೋಡ್ಬೇಕಿತ್ತು ನೀವು. ವಾರ್ನಿಷ್ ಥರ ಹೊಳಪಲ್ಲ, ಒದ್ದೆ ಆದಾಗ ಬಣ್ಣ ಹೇಗೆ ಗಾಢ ಆಗುತ್ತೋ ಹಾಗೆ. ಬೆನ್ನಿನ ಮೇಲಿನ ಚಿಕ್ಕ ಚಿಕ್ಕ ಹುರುಪೆ ಗೆರೆ, ಬಣ್ಣ ಊದಿದಾಗ ಬಲೆಬಟ್ಟೆ ಅಡ್ಡ ಇಟ್ಟು ಮೂಡಿಸಿದ ಆ ಚುಕ್ಕಿಗಳು, ನಾನು ಚಿಕ್ಕವನಿದ್ದಾಗ ನೋಡಿದ್ದು ಇದೇ ಅಂತ ನೆನಪಾಯ್ತು. ಮುಖ್ಯವಾದ ಸಂಗತಿ, ಈ ಮೇಣ ಬೇಡ ಅನ್ಸಿದ್ರೆ ವೈಟ್ ಸ್ಪಿರಿಟ್ಟಲ್ಲಿ (ಇದು ಪೆಟ್ರೋಲಿಯಂ ದ್ರಾವಕ, ಮೇಲೆ ಬೇಡ ಅಂದ ಸ್ಪಿರಿಟ್ ಅಲ್ಲ) ವಾಪಸ್ ತೆಗೀಬಹುದು, ವಾರ್ನಿಷ್ ಹೊಡೆದ್ರೆ ಅದು ಆಗಲ್ಲ. ಮೇಣದ ವಾಸನೆ ಜೋರು, ಕಿಟಕಿ ತೆಗೆದು ಕೂರಿ, ಬೆಂಕಿ ಹತ್ರ ಬೇಡ.

ಹೋದ ಬಣ್ಣಕ್ಕೆ ಟಚಪ್ ಮಾಡಬೇಕಾ? ಆ ಕಿವಿರಿನ ಕೆಂಪು ಗೆರೆ ಮತ್ತೆ ಬರೀಲಾ ಅಂತ ಒಂದು ವಾರ ಯೋಚಿಸಿದೆ, ಬ್ರಷ್ಷೂ ತಂದಿದ್ದೆ, ಬರೀಲಿಲ್ಲ. ಸಂಗ್ರಹದ ಲೆಕ್ಕದಲ್ಲಿ ನೋಡಿದ್ರೆ ಮೂಲ ಬಣ್ಣ ಎಷ್ಟು ಉಳಿದಿದೆ ಅನ್ನೋದಕ್ಕೇ ಬೆಲೆ, ಮೇಲೆ ಹಚ್ಚಿದ ಬಣ್ಣ ಅದನ್ನ ಇಳಿಸುತ್ತೆ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ನ್ಯಾಷನಲ್ ಫಿಶಿಂಗ್ ಲ್ಯೂರ್ ಕಲೆಕ್ಟರ್ಸ್ ಕ್ಲಬ್‌ನವರು ಲ್ಯೂರ್ ಸ್ಥಿತಿಗೆ ಹತ್ತರವರೆಗೆ ಅಂಕ ಕೊಡೋ ಕ್ರಮ ಇಟ್ಟಿದಾರೆ, ಅದರಲ್ಲಿ ನೋಡೋದೂ ಮೂಲ ಬಣ್ಣವನ್ನೇ. ಹೊಸ ಬಣ್ಣ ಅಲ್ಟ್ರಾವಯಲೆಟ್ ಟಾರ್ಚ್ ಕೆಳಗೆ ಎಷ್ಟೋ ಸಲ ಬೇರೆ ಥರ ಹೊಳೆದು ಸಿಕ್ಕಿಬೀಳುತ್ತೆ. ನನಗೆ ಮಾರೋ ಯೋಚನೆ ಇಲ್ಲ, ಆದ್ರೂ ಅಪ್ಪನ ಲ್ಯೂರ್ ಮೇಲೆ ಮೀನಿನ ಹಲ್ಲಿನ ಗುರುತು ಮೂರಿವೆ, ಅದನ್ನ ಮುಚ್ಚೋಕೆ ಮನಸ್ಸು ಹೇಗೆ ಬರುತ್ತೆ ಹೇಳಿ.

ಪ್ಲಾಸ್ಟಿಕ್ ಲ್ಯೂರ್‌ಗಳ ಬಗ್ಗೆ ಕಿಟ್‌ನ ಹಾಳೆಯಲ್ಲಿ ಪ್ರತ್ಯೇಕವಾಗಿ ಒಂದಕ್ಷರ ಇಲ್ಲ, ಆದ್ರೆ ಜಾಸ್ತಿ ಹಾಳಾಗೋದು ಅವೇ. ಎಷ್ಟೋ ಹಳೇ ಗಟ್ಟಿ ಪ್ಲಾಸ್ಟಿಕ್ ಲ್ಯೂರ್‌ಗಳು ಟೆನೈಟ್ ಅನ್ನೋ ಸೆಲ್ಯುಲೋಸ್ ಜಾತಿಯ ಪ್ಲಾಸ್ಟಿಕ್ಕಲ್ಲಿ ಮಾಡಿದ್ದಿರುತ್ತೆ, ಪೆಟ್ಟಿಗೆ ತೆಗೆದ ತಕ್ಷಣ ವಿನೆಗರ್ ವಾಸನೆ ಬಂದ್ರೆ ಒಳಗೆ ಯಾವುದೋ ಒಂದು ಕೊಳೀತಾ ಇದೆ ಅಂತ ಅರ್ಥ, ಅದನ್ನ ಹುಡುಕಿ ಬೇರೆ ಇಡ್ಬೇಕು, ಇಲ್ಲ ಅಂದ್ರೆ ಆ ಆಮ್ಲದ ಆವಿ ಪಕ್ಕದವಕ್ಕೂ, ಗಾಳಕ್ಕೂ ಹತ್ತುತ್ತೆ. ಹುಳುವಿನ ಆಕಾರದ ಮೆತ್ತನೆ ಪ್ಲಾಸ್ಟಿಕ್ ಎರೆಗಳನ್ನಂತೂ ಹಳೇ ಲ್ಯೂರ್ ಜೊತೆ ಒಂದೇ ಖಾನೆಯಲ್ಲಿ ಇಡಲೇಬಾರದು. ಆ ಹುಳುವನ್ನ ಮೆತ್ತಗಿಡೋ ಎಣ್ಣೆ ಹೊರಗೆ ಬಂದು ತಾಗಿದ ಕಡೆ ಬಣ್ಣ, ಪ್ಲಾಸ್ಟಿಕ್ ಎರಡನ್ನೂ ಕರಗಿಸುತ್ತೆ, ಇದಕ್ಕೆ ವರ್ಮ್ ಬರ್ನ್ ಅಂತಾರೆ. ನಮ್ಮ ಬಾಕ್ಸಲ್ಲಿ ಎರಡು ಲ್ಯೂರ್ ಹಂಗೇ ಟ್ರೇಗೆ ಅಂಟ್ಕೊಂಡು ಮೇಣದಬತ್ತಿ ಥರ ಇಳಿದಿತ್ತು, ಅದಕ್ಕೆ ಯಾವ ಕಿಟ್ಟೂ ಔಷಧಿ ಅಲ್ಲ. ಲ್ಯೂರ್ ಸುತ್ತ ಜೋತಾಡೋ ರಬ್ಬರ್ ಎಳೆಗಳ ಹಳೇ ಸ್ಕರ್ಟೂ ಅಷ್ಟೇ, ಅಂಟಂಟಾಗಿ ಪಕ್ಕದ್ದಕ್ಕೆ ಮೆತ್ತಿಕೊಳ್ಳುತ್ತೆ. ಬಾಲ್ಸಾ ಮರದ ಲ್ಯೂರ್ ಇದ್ರೆ ಹಿಡಿತ ಹಗುರ ಇರ್ಲಿ, ಆ ಮರ ಹೆಬ್ಬೆಟ್ಟಿನ ಉಗುರಿಗೇ ತಗ್ಗು ಬೀಳುವಷ್ಟು ಮೃದು.

ಎಲ್ಲಾ ಆದ್ಮೇಲೆ ಇಡೋದು ಎಲ್ಲಿ ಅನ್ನೋದೂ ಕ್ಲೀನಿಂಗ್‌ನಷ್ಟೇ ದೊಡ್ಡ ವಿಷಯ. ಓಕ್ ಮರದ ಡ್ರಾಯರ್ ನೋಡೋಕೆ ಚಂದ, ಆದ್ರೆ ಆ ಮರ ಅಸಿಟಿಕ್ ಆಮ್ಲದ ಆವಿ ಬಿಡುತ್ತೆ, ಸೀಸದ ತೂಕ ಇರೋ ಲ್ಯೂರ್ ಅದರಲ್ಲಿ ಇಟ್ರೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತೆ, ಆ ಪುಡಿ ವಿಷ, ಬರಿಗೈಲಿ ಒರೆಸ್ಬೇಡಿ, ಕಿಟ್‌ನ ಗ್ಲೌಸ್ ನನಗೆ ಉಪಯೋಗ ಆಗಿದ್ದು ಅಲ್ಲೇ. ಬಾಲಕ್ಕೆ ಜಿಂಕೆ ಕೂದಲು, ಗರಿ ಕಟ್ಟಿರೋ ಗಾಳ ಇದ್ರೆ ನುಸಿ ಬರುತ್ತೆ, ಅವನ್ನ ಪ್ರತ್ಯೇಕ ಮುಚ್ಚಿದ ಡಬ್ಬಿಯಲ್ಲಿಟ್ಟು ಆಗಾಗ ತೆಗೆದು ನೋಡಿ. ಬಿಸಿಲು ಬೀಳೋ ಗೋಡೆ ಬೇಡ, ಅಟ್ಟ ಬೇಡ. ಮೂಲ ರಟ್ಟಿನ ಡಬ್ಬಿ ಉಳಿದಿದ್ರೆ ಅದನ್ನ ಒದ್ದೆ ಬಟ್ಟೆಯಲ್ಲಿ ಮುಟ್ಟಲೇಬೇಡಿ, ಒಣ ಬ್ರಷ್ ಅಷ್ಟೇ, ಕೆಲವು ಸಲ ಒಳಗಿನ ಲ್ಯೂರ್‌ಗಿಂತ ಡಬ್ಬಿಯೇ ಅಪರೂಪ ಆಗಿರುತ್ತೆ.

ಸರಿ, ಕಿಟ್ ತಗೋಬೇಕಾ ಅಂತ ಕೇಳಿದ್ರೆ, ಇಡೀ ಕಿಟ್‌ಗೆ ಐದಕ್ಕೆ ಎರಡು ಸ್ಟಾರ್. ಮೇಣ ಬಿಡಿಯಾಗಿ ಸಿಗುತ್ತೆ, ಹತ್ತಿ ಕಡ್ಡಿ, ಮೆತ್ತನೆ ಬ್ರಷ್ ಎಲ್ಲಾ ಕಡೆ ಸಿಗುತ್ತೆ, ಆ ಮೂರನ್ನ ಬೇರೆ ಬೇರೆ ತಗೊಳಿ. ಕಂಪನಿಗೆ ನಾನು ಸ್ಪಂಜಿನ ವಿಷಯ ಬರೆದು ಫೋಟೋ ಸಮೇತ ಕಳಿಸಿದೆ, "ಫೀಡ್‌ಬ್ಯಾಕ್‌ಗೆ ಧನ್ಯವಾದ" ಅಂತ ಒಂದು ಸಾಲು ಬಂತು, ಡಬ್ಬಿ ಮೇಲಿನ "ಪೇಂಟಿಗೆ ಸೇಫ್" ಈಗ್ಲೂ ಹಾಗೇ ಇದೆ. ಈಗಾಗ್ಲೇ ತಗೊಂಡಿರೋರು ಸ್ಪಂಜನ್ನ ಇವತ್ತೇ ಆ ಡಬ್ಬಿಯಿಂದ ತೆಗೆದಿಡಿ. ಮೇಣದ ಮುಚ್ಚಳನ ಪ್ರತಿ ಸಲ ಬಿಗಿಯಾಗಿ ತಿರುಗಿಸಿ, ನಾನು ಒಂದ್ಸಲ ಸಡಿಲ ಬಿಟ್ಟು ಹದಿನೈದು ದಿನ ಬಿಟ್ಟು ತೆಗೆದಾಗ ದ್ರಾವಕ ಆರಿ ಮೇಲ್ಭಾಗ ಗಟ್ಟಿಯಾಗಿತ್ತು. ಇನ್ನೂ ನಾಲ್ಕು ಲ್ಯೂರ್ ಬಾಕಿ ಇವೆ, ಅವಕ್ಕೆ ಕೆಳಗೆ ಮೆತ್ತಗೆ ಉಳಿದಿರೋ ಮೇಣ ಸಾಕಾಗುತ್ತೆ.